ಸಗಣಿಹುಳದ ಕುಡಿಮೀಸೆ

"ಕೆಲಸ ಬಾರದವರನ್ನು ಮಠದಲ್ಲಿ ಇಟ್ಟುಕೊಳ್ಳಬೇಕೆ, ಗುರುಗಳೇ?" ಎಂದು ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ಅದು ಎಂದಿನಂಥದೇ ದಿನ. ಬೆಳಿಗ್ಗೆ ಜೋಳದ ಚೀಲ ಬಿಚ್ಚಿದರೆ ಅರ್ಧಕ್ಕರ್ಧ ಹುಳ ಹಿಡಿದಿತ್ತು. ಕಾಳು ಪರೀಕ್ಷಿಸುವ ದುಂಡವ್ವನನ್ನು ಸಂಜೆಯೊಳಗೆ ಕೆಲಸದಿಂದ ಬಿಡಿಸಬೇಕೆಂದು ಶಿಷ್ಯ ತೀರ್ಮಾನಿಸಿದ್ದ.

ಇಪ್ಪತ್ತು ವರ್ಷ ದುಂಡವ್ವ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಳಗಿನ ಬಿಸಿ ನೋಡಿ, ಹಿಡಿ ಕಾಳು ಮೂಸಿ, ಹುಳ ಕಣ್ಣಿಗೆ ಬೀಳುವ ಮೊದಲೇ ಹೇಳುತ್ತಿದ್ದಳು. ಈ ಶಿಷ್ಯ ಬಂದ ಮೇಲೆ, ಅವಳ ಜಾತಿಯವರು ಮುಟ್ಟಿದ ಕಾಳು ನೈವೇದ್ಯಕ್ಕೆ ಬಾರದು ಎಂದ. ಹೊಸ್ತಿಲಿನಾಚೆ ಕೆಮ್ಮಣ್ಣಿನ ಗೆರೆ ಎಳೆದ. ಅಲ್ಲಿಂದಲೇ ನೋಡಿ ಹೇಳು ಎಂದ. ಗೆರೆ ಮಾಸಬಾರದೆಂದು ದಿನವೂ ಬೆಳಿಗ್ಗೆ ತಾನೇ ತಿದ್ದುತ್ತಿದ್ದ.

"ಕಣ್ಣಿಗೆ ಕಂಡ ಮ್ಯಾಲ ಹೇಳಾಕ ನಾನ್ಯಾಕ ಬೇಕ್ರಿ, ಬುದ್ಧಿ?" ಎಂದು ಅವಳು ಕೇಳಿದ್ದಳು. ಅವನಿಗೆ ಅದು ಕೊಬ್ಬಾಗಿ ಕೇಳಿಸಿತ್ತು.

ಗುರುಗಳು ಕತೆ ಹೇಳುವ ಮೊದಲು ನಗುವುದು ರೂಢಿ. ಇಂದು ನಗಲಿಲ್ಲ.

"ಒಬ್ಬ ರೈತ ತನ್ನ ಒಡೆಯನಿಗೆ ಒಂದು ಸಗಣಿಹುಳ ತೋರಿಸಿದ. ಅದರ ತಲೆಯ ಮೇಲಿನ ಎರಡು ಕುಡಿಮೀಸೆಗಳ ತುದಿಯಲ್ಲಿ ಪುಟ್ಟ ಎಸಳುಗಳು. ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಎಸಳಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು, ಕುಳಿಗಳು. ವಾಸನೆ ಬಂದು ಕೂರುವುದು ಅಲ್ಲಿ. ಹೊಲದ ಆ ತುದಿಯಲ್ಲಿ ಸಗಣಿ ಬಿದ್ದರೆ ಹುಳಕ್ಕೆ ಈ ತುದಿಯಲ್ಲಿ ತಿಳಿಯುತ್ತದೆ.

"ಒಡೆಯ, 'ಸಗಣಿ ತಿನ್ನುವ ಹುಳಕ್ಕೆ ಮೀಸೆ ಬೇರೆ ಕೇಡು' ಎಂದು ಎರಡನ್ನೂ ಕತ್ತರಿಸಿದ. ಸಗಣಿಯಿಂದ ಒಂದು ಗೇಣು ದೂರದಲ್ಲಿ ಹುಳವನ್ನು ಬಿಟ್ಟ. ಅದು ನಿಂತಲ್ಲೇ ಸುತ್ತಿತು. 'ಅನ್ನ ಮುಂದಿದ್ದರೂ ತಿಳಿಯದ ದಡ್ಡ ಹುಳ. ಇದನ್ನೇ ನೀನು ಹೊಗಳಿದ್ದು?' ಎಂದ.

"'ಅದಕ್ಕೆ ತಿಳಿಯುತ್ತಿತ್ತು, ಒಡೆಯಾ. ಆ ತಿಳಿವು ನಿಮ್ಮ ಕಾಲ ಬಳಿ ಬಿದ್ದಿದೆ' ಎಂದ ರೈತ."

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಒಡೆಯನ ಮೇಲೆ ಸಿಟ್ಟು ಬಂದಿತ್ತು.

"ಮೂರ್ಖ. ಅಂಥವನ ಕೈಗೆ ಕತ್ತರಿ ಕೊಟ್ಟವರು ಯಾರು, ಗುರುಗಳೇ?"

"ನಾನು. ಉಗ್ರಾಣದ ಬೀಗದಕೈ ಇಲ್ಲಿಡು."

ಬೀಗದಕೈ ಇಡುವಾಗ ಶಿಷ್ಯನ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿತ್ತು.