ಅಂಜುಬುರುಕನ ಕೈಯ ಹಗ್ಗ

"ಅಜ್ಜೀ, ಗಾರ್ಮೆಂಟ್ಸ್‌ನಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ನನ್ನ ಕೈಕೆಳಗೆ ಒಬ್ಬಳು ಬಾಯಿಬಡುಕಿ, ಒಬ್ಬಳು ಮುಂಗೋಪಿ, ಇನ್ನೊಬ್ಬಳು ಮಾತೆತ್ತಿದರೆ ನಡುಗುತ್ತಾಳೆ. ಯಾರನ್ನು ಮೇಲಿಡಲಿ, ಯಾರನ್ನು ಕೆಳಗಿಡಲಿ?" ಎಂದು ಸುಗುಣಾ ಕೇಳಿದಳು.

"ಮೊದಲು ಆ ಚೀಲ ಕೆಳಗಿಡು. ಗೋಡೆಗೆ ಒರಗಿ ಕೂತುಕೋ, ಮಗಳೇ. ನಡುವೆ ಬಾಯಿ ಹಾಕಬೇಡ," ಎಂದು ಅಜ್ಜಿ ಹೇಳತೊಡಗಿದಳು.

ಬಾವಿ ತೋಡಿಸುವ ಒಬ್ಬ ಮೇಸ್ತ್ರಿ ಇದ್ದ. ಅವನ ಹತ್ತಿರ ಮೂವರು ಆಳುಗಳು. ಒಬ್ಬ ಗಟ್ಟಿಗ, ಬಾವಿಗಿಳಿದು ಅಗೆಯುವವನು. ಒಬ್ಬ ಮಾತುಗಾರ, ಮೇಸ್ತ್ರಿಯ ಭಾವಮೈದುನ. ಇನ್ನೊಬ್ಬ ಅಂಜುಬುರುಕ. ಮಣ್ಣು ಹೊತ್ತು ದೂರ ಸುರಿಯುವುದು ಅವನ ಕೆಲಸ. ಎಲ್ಲರ ಊಟವಾದ ಮೇಲೆ ಅವನ ಊಟ.

ಬಾವಿಗಿಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಮೇಲೆ ಒಬ್ಬ ಅದನ್ನು ಹಿಡಿದು ಕೂರುತ್ತಾನೆ. ಮೇಸ್ತ್ರಿಯನ್ನು ಬಿಟ್ಟರೆ ಅವನಿಗೇ ಮರ್ಯಾದೆ. ಆದರೆ ಅವನನ್ನು ಆರಿಸುವವನು ಮೇಸ್ತ್ರಿಯಲ್ಲ, ಇಳಿಯುವವನು. ಅದು ಆ ಕಸುಬಿನ ಕಟ್ಟಳೆ. ಈ ಮೇಸ್ತ್ರಿ ಕಟ್ಟಳೆಯನ್ನು ಬದಿಗಿಟ್ಟು ಭಾವಮೈದುನನನ್ನು ಕೂರಿಸಿದ್ದ. ಅವನೋ, ಹಗ್ಗವನ್ನು ಮೊಣಕಾಲಿನ ಕೆಳಗೆ ಒತ್ತಿಕೊಂಡು ಬಂದುಹೋಗುವವರ ಜೊತೆ ಹರಟುತ್ತಿದ್ದ.

ಒಂದು ಊರಿನಲ್ಲಿ ಬಾವಿ ಬಹಳ ಆಳಕ್ಕೆ ಹೋಯಿತು. ನೀರಿಲ್ಲ. ಗೋಡೆಯ ಮಣ್ಣು ಉದುರತೊಡಗಿತು. ಅಂದು ಬೆಳಿಗ್ಗೆ ಗಟ್ಟಿಗ ದಂಡೆಯ ಮೇಲೆ ನಿಂತುಬಿಟ್ಟ.

"ಇವತ್ತು ಹಗ್ಗ ಅಂಜುಬುರುಕನ ಕೈಗೆ ಕೊಡಿ. ಇಲ್ಲವಾದರೆ ನಾನು ಇಳಿಯುವುದಿಲ್ಲ."

ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಲ್ಲಿ ಲೊಚಗುಟ್ಟಿದರೆ ಮನೆಗೆ ಓಡುವವನು! ಅವನನ್ನು ಕಟ್ಟಿಹಾಕುವುದಕ್ಕೇ ಇನ್ನೊಂದು ಹಗ್ಗ ಬೇಕಲ್ಲಪ್ಪಾ!"

"ಇಲ್ಲಿ ಮೇಸ್ತ್ರಿ ಯಾರು, ನೀನೋ ನಾನೋ?" ಎಂದು ಮೇಸ್ತ್ರಿ ಗಟ್ಟಿಗನನ್ನು ಗದರಿದ.

"ನೀವೇ, ಯಜಮಾನರೇ. ಆದರೆ ಕೆಳಗಿರುವುದು ನನ್ನ ಜೀವ. ಅವನಿಗೆ ಭಯ ಇದೆ, ಅದಕ್ಕೇ ಅವನು ಬೇಕು. ನಾನು ಮೇಲೆ ಬರುವ ತನಕ ಅವನ ಕಣ್ಣು ಬೇರೆ ಕಡೆ ಹೋಗುವುದಿಲ್ಲ."

ಮೇಸ್ತ್ರಿ ಗೊಣಗುತ್ತಲೇ ಒಪ್ಪಿದ. ಅಂಜುಬುರುಕ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೂತ. ಊಟಕ್ಕೆ ಕರೆದರೆ ಏಳಲಿಲ್ಲ. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ಹೊತ್ತು ಇಳಿಯುವಾಗ ಗೋಡೆಯಿಂದ ಒಂದು ಹಿಡಿ ಮಣ್ಣು ಜಾರಿತು. ಕೆಳಗಿನವನು ಇನ್ನೂ ಕೂಗಿರಲಿಲ್ಲ.

"ಎಳೀರೋ!" ಎಂದು ಅಂಜುಬುರುಕ ಕಿರುಚಿದ. ಅವನಿಗೆ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿಯೇ ಓಡಿಬಂದು ಅವನ ಹಿಂದೆ ನಿಂತು ಎಳೆದ. ಭಾವಮೈದುನನೂ ಎಳೆದ. ಗಟ್ಟಿಗ ದಂಡೆಗೆ ಬಂದು ಬಿದ್ದದ್ದೇ ತಡ, ಬಾವಿಯ ಒಂದು ಪಕ್ಕ ಕುಸಿಯಿತು. ಕುಸಿದ ಕಡೆಯಿಂದ ಭೋರೆಂದು ನೀರು ನುಗ್ಗಿತು.

ಊರಿಗೆ ಊರೇ ಕುಣಿಯಿತು. ಮೊದಲ ಚೊಂಬು ನೀರು ಮೇಸ್ತ್ರಿಗೆ ಸಲ್ಲಬೇಕು. ಮೇಸ್ತ್ರಿ ಅದನ್ನು ಅಂಜುಬುರುಕನಿಗೆ ಚಾಚಿದ. ಅವನ ಕೈಗಳು ಇನ್ನೂ ಹಗ್ಗ ಬಿಟ್ಟಿರಲಿಲ್ಲ. ಮೇಸ್ತ್ರಿಯೇ ಬಗ್ಗಿ ಅವನ ಬಾಯಿಗೆ ನೀರು ಹೊಯ್ದ.

ಆಮೇಲೆ ಭಾವಮೈದುನ ಊರೂರು ತಿರುಗಿ ಕೆಲಸ ಗೊತ್ತುಮಾಡಿಕೊಂಡು ಬರುವವನಾದ. ಅವನ ಮಾತು ಕೇಳಿ ಬಾವಿ ಬೇಡ ಎಂದವರಿಲ್ಲ. ಗಟ್ಟಿಗ ಮುಂದೆ ತಾನೇ ಮೇಸ್ತ್ರಿಯಾದ. ಹಳೆಯ ಮೇಸ್ತ್ರಿ, ಇಳಿಯುವವನನ್ನು ಕೇಳದೆ ಮತ್ತೆಂದೂ ಯಾರ ಕೈಗೂ ಹಗ್ಗ ಕೊಡಲಿಲ್ಲ. ಅಂಜುಬುರುಕ ಕೊನೆತನಕ ಹಲ್ಲಿಗೆ ಹೆದರುತ್ತಲೇ ಇದ್ದ. ಅವನು ಹಗ್ಗ ಹಿಡಿದ ಬಾವಿಯಲ್ಲಿ ಒಬ್ಬನೂ ಸಾಯಲಿಲ್ಲ.

"ಹಾಗಾದರೆ ಆ ನಡುಗುವವಳನ್ನೇ ಮೇಲಿಡಲೇ, ಅಜ್ಜಿ?" ಎಂದಳು ಸುಗುಣಾ.

"ಅದಿರಲಿ. ಬಾವಿಗಿಳಿಯುವಾಗ ನಿನ್ನ ಆ ಮೂವರಲ್ಲಿ ಯಾರು ಹಗ್ಗವನ್ನು ನಿನ್ನ ಕೈಗೆ ಕೊಡುತ್ತಾರೆ, ಹೇಳು."

ಸುಗುಣಾ ತನ್ನ ಕೈಗಳನ್ನು ನೋಡಿಕೊಂಡಳು.