ಜಟ್ಟಿಯ ಹೆಡಕು

"ಗುರುಗಳೇ, ರೋಗಿಯೇ ತನ್ನ ಬಾಯಿಂದ ನೋವು ಹೋಯಿತು ಎಂದ ಮೇಲೆ ವೈದ್ಯನ ಕೆಲಸ ಮುಗಿದ ಹಾಗಲ್ಲವೆ?" ಎಂದು ಮರುಳಯ್ಯ ಕೇಳಿದ.

ಅವನು ಸೂಜಿವೈದ್ಯ ಕಲಿಯಲು ಬಂದು ನಾಲ್ಕು ವರ್ಷವಾಗಿತ್ತು. ಹೆಡಕಿನ ಗುಳಿ ಎಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ತೋರಿಸಬಲ್ಲವನಾಗಿದ್ದ. ತಲೆಬುರುಡೆ ಮುಗಿಯುವಲ್ಲಿ, ಕತ್ತಿನ ದಪ್ಪ ಸ್ನಾಯುವಿನ ಪಕ್ಕಕ್ಕೆ, ಎಡಕ್ಕೊಂದು, ಬಲಕ್ಕೊಂದು. ಅಲ್ಲಿ ಸೂಜಿ ಊರಿದರೆ ಹಿಡಿದುಕೊಂಡ ಕತ್ತು ಸಡಿಲವಾಗುತ್ತದೆ, ಅರೆತಲೆನೋವು ಇಳಿಯುತ್ತದೆ, ತಲೆಸುತ್ತು ನಿಲ್ಲುತ್ತದೆ, ನಿದ್ದೆಗೆಟ್ಟವರಿಗೆ ನಿದ್ದೆ ಬರುತ್ತದೆ. ಇಷ್ಟನ್ನೂ ಅವನು ಕಲಿತಿದ್ದ. ಆದರೂ ಆ ಜಾಗಕ್ಕೆ ಸೂಜಿ ಊರಲು ಗುರುಗಳು ಇನ್ನೂ ಅಪ್ಪಣೆ ಕೊಟ್ಟಿರಲಿಲ್ಲ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ಕತ್ತು ಹಿಡಿದವರನ್ನು ಸುತ್ತಲಿನ ಊರುಗಳಿಂದ ಅವನ ಮನೆಗೇ ಕರೆತರುತ್ತಿದ್ದರು. ಹೆಡಕಿನ ಗುಳಿಗೆ ಅವನು ಊರಿದ ಸೂಜಿ ಒಮ್ಮೆಯೂ ಜಾಗ ತಪ್ಪಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ಒಬ್ಬ ಜಟ್ಟಿ ಅವನ ಮನೆಗೆ ಬಂದ. ಇನ್ನು ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಸೀಮೆಯ ಜಟ್ಟಿಯೊಂದಿಗೆ ಅವನ ಕುಸ್ತಿ. ಅವನು ಕಣಕ್ಕೆ ಇಳಿಯದಿದ್ದರೆ ಅಜ್ಜನ ಕಾಲದಿಂದ ಅವನ ಮನೆತನ ನಡೆಸಿಕೊಂಡು ಬಂದ ಗರಡಿ ಪಣದಂತೆ ಎದುರಾಳಿಯ ಪಾಲಾಗುತ್ತಿತ್ತು. ಅವನ ಕತ್ತು ಯಾವ ಕಡೆಗೂ ಹೊರಳುತ್ತಿರಲಿಲ್ಲ. ಹಿಂದೆಯೇ ಅವನ ಹೆಂಡತಿ ಬಂದು ಬಾಗಿಲ ಬಳಿ ನಿಂತಳು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಕಣದ ಕಡೆಯಿಂದ ತಮಟೆಯ ಸದ್ದು ಕೇಳುತ್ತಿತ್ತು.

ಜಟ್ಟಿ ಕುಳಿತುಕೊಳ್ಳುವಾಗ ಎರಡು ಕೈಯಿಂದಲೂ ಗಲ್ಲವನ್ನು ಹಿಡಿದುಕೊಂಡೇ ಕುಳಿತ. ವೈದ್ಯ ಅದನ್ನು ನೋಡಿದ. ಹೆಡಕನ್ನು ಮುಟ್ಟಿದಾಗ ಗುಳಿಯ ಕೆಳಗೆ ಒಂದು ಮೂಳೆ ಬೆರಳಿಗೆ ತುಸು ಉಬ್ಬಿದಂತೆ ಸಿಕ್ಕಿತು.

"ಎಲ್ಲಾದರೂ ಬಿದ್ದೆಯಾ?" ಎಂದು ಕೇಳಿದ.

"ಇಲ್ಲ ವೈದ್ಯರೇ, ದಿಂಬು ಸರಿಯಿರಲಿಲ್ಲ, ಅಷ್ಟೆ. ಬೇಗ ಮುಗಿಸಿ" ಎಂದ ಜಟ್ಟಿ.

ಬಾಗಿಲಲ್ಲಿದ್ದ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಜಟ್ಟಿ ಅವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು.

ವೈದ್ಯ ಅದನ್ನೂ ನೋಡಿದ. ಇನ್ನೊಂದು ಮಾತು ಕೇಳಬೇಕು ಎಂದು ಅವನ ಮನಸ್ಸಿಗೆ ಬಂತು. ಅಷ್ಟರಲ್ಲಿ ಹೊರಗಿನಿಂದ ಯಾರೋ, "ನಮ್ಮ ವೈದ್ಯರು ಸೂಜಿ ಊರಿದರೆ ಮುಗಿಯಿತು, ಚಿಂತೆ ಯಾಕೆ?" ಎಂದು ಕೂಗಿದರು. ಆ ಮಾತು ವೈದ್ಯನಿಗೆ ಹಿತವಾಯಿತು. ಅವನು ಸೂಜಿ ಎತ್ತಿಕೊಂಡ.

ಎಡಗುಳಿಗೆ ಒಂದು, ಬಲಗುಳಿಗೆ ಒಂದು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆಯಿತು. ಸೂಜಿ ತೆಗೆದಾಗ ಜಟ್ಟಿ ಕತ್ತನ್ನು ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ, ಮಗುವಿನಂತೆ ನಕ್ಕ. "ನೋವೇ ಇಲ್ಲ ವೈದ್ಯರೇ!" ಎಂದು ಕಾಲಿಗೆ ಬಿದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಹೆಂಡತಿ ಮಾತ್ರ ಹೋಗಲಿಲ್ಲ. ಬೀದಿ ಬರಿದಾಗುವವರೆಗೆ ನಿಂತಿದ್ದು ಒಳಗೆ ಬಂದಳು.

"ಮೊನ್ನೆ ಗರಡಿಯಲ್ಲಿ ತಲೆಕೆಳಗಾಗಿ ಬಿದ್ದರು. ಅವತ್ತಿನಿಂದ ಎಡಗೈ ಜೋಮು ಹಿಡಿದಿದೆ, ಚೊಂಬು ಎತ್ತಿದರೂ ಜಾರಿ ಬೀಳುತ್ತದೆ. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಹೇಗೂ ಈ ನೋವಿನಲ್ಲಿ ಕಣಕ್ಕೆ ಇಳಿಯಲಾರರು ಎಂದು ನಾನೂ ಧೈರ್ಯವಾಗಿದ್ದೆ, ವೈದ್ಯರೇ."

ಮುಟ್ಟಿದಾಗ ಬೆರಳಿಗೆ ಸಿಕ್ಕ ಮೂಳೆ ಏನು ಎಂಬುದು ವೈದ್ಯನಿಗೆ ಈಗ ತಿಳಿಯಿತು. ಆ ಕತ್ತು ಬಿಗಿದುಕೊಂಡದ್ದು ರೋಗದಿಂದಲ್ಲ. ಒಳಗೆ ಬಿರಿದ ಮೂಳೆ ಅಲುಗದಿರಲಿ ಎಂದು ಸ್ನಾಯುಗಳೆಲ್ಲ ಸೇರಿ ಅದನ್ನು ಬಿಗಿಹಿಡಿದಿದ್ದವು. ಆ ಹಿಡಿತವನ್ನೇ ಅವನು ಬಿಡಿಸಿ ಕಳಿಸಿದ್ದ.

ಅವನು ಚಪ್ಪಲಿ ಮೆಟ್ಟದೆ ಓಡಿದ. ಪೇಟೆಯ ಬೀದಿ ದಾಟಿದ, ಕೆರೆಯ ಏರಿ ಹತ್ತಿ ಇಳಿದ. ಕಣದ ಸುತ್ತ ಜನ ಗೋಡೆಯಂತೆ ನಿಂತಿದ್ದರು. "ನಿಲ್ಲಿಸಿ! ಕುಸ್ತಿ ನಿಲ್ಲಿಸಿ!" ಎಂದು ಕೂಗಿದ. ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೊಣಕೈಯಿಂದ ನೂಕಿ, ಬೈಸಿಕೊಂಡು, ಒಬ್ಬರ ಕಾಲು ತುಳಿದು, ಅವನು ಮುಂದಿನ ಸಾಲಿಗೆ ಬಂದ.

ಜಟ್ಟಿ ಅವನನ್ನು ಕಂಡ. ವೈದ್ಯರು ತನ್ನ ಕುಸ್ತಿ ನೋಡಲು ಬಂದಿದ್ದಾರೆ ಎಂದುಕೊಂಡ. ಸಂತೋಷದಿಂದ ಕೈ ಎತ್ತಿದ. ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ತೋರಿಸಿದ.

ವೈದ್ಯ ಎರಡು ಕೈಯನ್ನೂ ಬೀಸಿ ಬೇಡ ಬೇಡ ಎಂದ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಾಗಿತ್ತು. ಅವನು ಹಾಕಿದ್ದು ದೊಡ್ಡ ಪಟ್ಟೇನೂ ಅಲ್ಲ. ಹೆಡಕಿನ ಮೇಲೆ ತೋಳಿಟ್ಟು ಒತ್ತಿದ, ಅಷ್ಟೆ. ಕಲಿಯುವ ಹುಡುಗರೂ ದಿನಕ್ಕೆ ಹತ್ತು ಸಲ ತಾಳಿಕೊಳ್ಳುವ ಪಟ್ಟು ಅದು.

ಜಟ್ಟಿ ಮಣ್ಣಿನ ಮೇಲೆ ಬಿದ್ದ. ಮತ್ತೆ ಏಳಲಿಲ್ಲ.

ವೈದ್ಯ ಅವನ ಪಕ್ಕದಲ್ಲಿ ಕುಸಿದು ಕುಳಿತ. ಅಂಗೈ ಚಿವುಟಿದ, ಪಾದ ಚಿವುಟಿದ. ಜಟ್ಟಿಯ ಕಣ್ಣು ತೆರೆದೇ ಇತ್ತು. ಅವನು ಅಚ್ಚರಿಯಿಂದ ಹೇಳಿದ:

"ಈಗಲೂ ಏನೂ ನೋವಿಲ್ಲ ವೈದ್ಯರೇ. ಆದರೆ ನನ್ನ ಕೈಕಾಲು ಎಲ್ಲಿ?"

ಅವನು ಸಾಯಲಿಲ್ಲ. ಕತ್ತಿನಿಂದ ಕೆಳಗೆ ಮತ್ತೆ ಜೀವ ಆಡಲಿಲ್ಲ. ಗರಡಿ ಪರರ ಪಾಲಾಯಿತು. ಹೆಂಡತಿ ಅವನಿಗೆ ತುತ್ತು ಮಾಡಿ ಉಣ್ಣಿಸುತ್ತ ವರ್ಷಗಳನ್ನು ಕಳೆದಳು. ವೈದ್ಯ ದಿನವೂ ಅವರ ಮನೆಗೆ ಹೋಗಿ ಜಟ್ಟಿಯನ್ನು ಮಗ್ಗುಲು ಬದಲಿಸಿ ಮಲಗಿಸಿ ಬರುತ್ತಿದ್ದ. ಅವಳು ಒಮ್ಮೆಯೂ ಅವನನ್ನು ಬೈಯಲಿಲ್ಲ. ಅವನಿಗೆ ಅದೇ ತಡೆಯಲಾಗದ್ದಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. "ಸುಳ್ಳು ಹೇಳಿದ್ದು ಜಟ್ಟಿಯಲ್ಲವೆ, ಗುರುಗಳೇ? ವೈದ್ಯನ ಸೂಜಿಯಂತೂ ಕೂದಲೆಳೆಯಷ್ಟೂ ಜಾಗ ತಪ್ಪಲಿಲ್ಲ" ಎಂದ.

ಗುರುಗಳು ಹೇಳಿದರು: "ತಪ್ಪಿದ್ದರೆ ಜಟ್ಟಿ ಇವತ್ತು ನಡೆದಾಡುತ್ತಿದ್ದ."