ಸದ್ದಿಲ್ಲದ ಮನೆ

ನಲವತ್ತು ಮಗ್ಗಗಳ ಸಾಹುಕಾರ ರಾಚಪ್ಪ ಹೊಳೆದಂಡೆಯ ಮಠಕ್ಕೆ ಬಂದಾಗ ಸೋಮವಾರ ಬೆಳಗಿನ ಹತ್ತು ಗಂಟೆ. ಹುಡುಗನಾಗಿದ್ದಾಗ ಇಲ್ಲೇ ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ಕೂತು ಅಕ್ಷರ ಕಲಿತವನು. ಸಾಹುಕಾರನಾದ ಮೇಲೆ ಈ ಕಡೆ ತಲೆ ಹಾಕಿರಲಿಲ್ಲ.

ಅಜ್ಜಾರು ಅವನ ಕಣ್ಣು ನೋಡಿದರು. ಕೆಂಡದ ಹಾಗಿದ್ದವು.

"ನಿದ್ದಿ ಬರವಲ್ದರಿ ಅಜ್ಜಾರ," ಅಂದ. "ಎರಡು ವರ್ಷಾತು. ಬರೇ ಮಗ್ಗಿನ ಚಿಂತಿ. ಕರೆಂಟ್ ಹೋತೇನು, ನೇಕಾರ ಬಿಟ್ಟು ಹೋದನೇನು, ಸೀರಿ ಹೇಳಿದ ದಿನಕ್ಕ ಮುಟ್ಟತಾವೋ ಇಲ್ಲೋ. ಕಣ್ಣು ಮುಚ್ಚಿದ್ರ ಇದ."

"ಮನಿಯಾಗ?"

"ಮನಿಯಾಗ ಏನೂ ಕಮ್ಮಿ ಮಾಡಿಲ್ರಿ. ಮೊದಲೆಲ್ಲ ಮಗ್ಗಿನ ಪಕ್ಕದಾಗ ಮಲಗತಿದ್ವಿ, ಒಂದ ಸಮನ ಖಟಾ ಖಟಾ. ಆ ಗದ್ದಲ ಬ್ಯಾಡಂತ ಎರಡು ವರ್ಷದ ಹಿಂದ ಊರ ಹೊರಗ ಹೊಸಾ ಮನಿ ಕಟ್ಟಿಸೀನಿ. ಕುಕ್ಕರ್ ಸೀಟಿ ಇಲ್ಲ, ಟಿವಿ ಇಲ್ಲ. ನಾ ಇದ್ದಾಗ ಹೆಂಡತಿ, ಮಗಳು ಪಿಟ್ ಅನ್ನಂಗಿಲ್ಲ. ಆದರೂ ನಿದ್ದಿ ಇಲ್ರಿ."

ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. ಪಾಪ, ಅವನ ಪಾಲಿಗೆ ಅದು ಶಿಸ್ತು.

ಅಜ್ಜಾರು ಮಂತ್ರ ಹೇಳಲಿಲ್ಲ, ಔಷಧ ಕೊಡಲಿಲ್ಲ. ಅಂಗಳದ ಆಚೆ, ದಾಸೋಹದ ಅಡುಗೆಮನೆಯ ಕಟ್ಟೆ ತೋರಿಸಿದರು.

"ಅಲ್ಲಿ ಅಡ್ಡಾಗು."

ಒಳಗೆ ಆರು ಜನ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಸಪ್ಪಳವೋ ಸಪ್ಪಳ.

"ಈ ಗದ್ದಲದಾಗೇನ್ರಿ?"

"ಹೂಂ. ಅಡ್ಡಾಗು."

ಗುರುಗಳ ಮಾತು ಮೀರುವ ಧೈರ್ಯ ಸಾಹುಕಾರನಿಗೆ ಎಲ್ಲಿಂದ ಬರಬೇಕು? ಗೊಣಗುತ್ತಲೇ ಒರಗಿದ. ಎರಡು ಸಲ ಮಗ್ಗುಲು ಬದಲಿಸಿದ. ಆಮೇಲೆ ಗೊರಕೆ ಶುರುವಾಯಿತು.

ಒಂದು ತಾಸು ಹಾಗೇ ಮಲಗಿದ. ಹಿಟ್ಟು ಮುಗಿದು, ಕೊನೆಯ ರೊಟ್ಟಿ ಹಂಚಿಗೆ ಬಿತ್ತು. ಬಡಿಯುವ ಕೈಗಳು ನಿಂತವು.

ರಾಚಪ್ಪ ದಡಕ್ಕನೆ ಎದ್ದು ಕೂತ. "ಯಾಕ ನಿಂತಿತು? ಯಾವ ಮಗ್ಗ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಅಜ್ಜಾರು ಅವನ ಪಕ್ಕ ಬಂದು ಕೂತರು.

"ಮಗ್ಗಿನ ಮನಿಯಾಗ ಹುಟ್ಟಿದಾವ ನೀ. ಸಪ್ಪಳ ನಿಂತ್ರ ನಿನಗ ಎಚ್ಚರಾಗತದ. ಅಂಥಾದ್ರಾಗ ಸಪ್ಪಳಿಲ್ಲದ ಮನಿ ಕಟ್ಟಿಸೀದಿ."

ರಾಚಪ್ಪನಿಗೆ ತಡವಾಗಿ ಅರ್ಥವಾಯಿತು. "ಹಂಗಾರ ಎರಡು ವರ್ಷ ಹೆಂಡತಿ, ಮಗಳ ಬಾಯಿ ಮುಚ್ಚಿಸಿದ್ದು ವ್ಯರ್ಥ ಏನ್ರಿ?"



ಅಷ್ಟರಲ್ಲಿ ಅವನ ಹೆಂಡತಿ ನೀಲಮ್ಮ ಮಠದ ಬಾಗಿಲಲ್ಲಿ ಕಂಡಳು. ಗಂಡ ಇಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ. ಆರು ವರ್ಷದ ಮಗಳು ಚಂಪಾ ಅವ್ವನ ಕೈ ಬಿಡಿಸಿಕೊಂಡು, ಗೆಜ್ಜೆ ಘಲ್ ಘಲ್ ಅನ್ನಿಸುತ್ತ ಅಂಗಳಕ್ಕೆ ಓಡಿ ಬಂದಳು. ಕಟ್ಟೆಯ ಮೇಲೆ ಅಪ್ಪನನ್ನು ಕಂಡು ನಿಂತಳು.

ಕೂತು ಎರಡೂ ಗೆಜ್ಜೆ ಬಿಚ್ಚಿದಳು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ತುದಿಗಾಲಲ್ಲಿ ಗೋಡೆಯ ಬದಿಗೆ ನಡೆದಳು. ಯಾರೂ ಹೇಳಬೇಕಾಗಿರಲಿಲ್ಲ, ಅವಳಿಗೆ ಅಷ್ಟು ರೂಢಿಯಾಗಿತ್ತು.

"ಯಾಕವ್ವಾ, ಗೆಜ್ಜಿ ಯಾಕ ಬಿಚ್ಚಿದಿ?" ಅಜ್ಜಾರು ಕೇಳಿದರು.

"ಅಪ್ಪ ಅದಾನ್ರಿ," ಚಂಪಾ ಪಿಸುಗುಟ್ಟಿದಳು.

ರಾಚಪ್ಪ ತಟ್ಟನೆ ಅಜ್ಜಾರ ಕಡೆ ತಿರುಗಿದ. "ಒಂದ ದಿನಾನೂ ಇಕಿ ಮ್ಯಾಲೆ ಕೈ ಎತ್ತಿಲ್ರಿ ನಾ," ಅಂದ, ಯಾರೂ ಕೇಳದಿದ್ದರೂ.

ಕಟ್ಟೆ ಇಳಿದು ಮಗಳ ಮುಂದೆ ಮಂಡಿಯೂರಿದ. ಅವಳ ಮುಷ್ಟಿ ಬಿಡಿಸಿ ಗೆಜ್ಜೆ ತೊಡಿಸಿದ. ಕೊಂಡಿ ಸಿಕ್ಕಿಸಲು ಬಾರದೆ ಮೂರು ಸಲ ತಪ್ಪಿದ.

"ಕುಣಿ ನನ್ನವ್ವ. ಬೇಕಾದಷ್ಟು ಸಪ್ಪಳ ಮಾಡು. ಅಪ್ಪ ಏನೂ ಅನ್ನಂಗಿಲ್ಲ."

ಚಂಪಾ ಅವ್ವನ ಮುಖ ನೋಡಿದಳು. ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹುಡುಗಿ ಕಾಲು ಕದಲಿಸಲಿಲ್ಲ. ಒಂದು ಗೆಜ್ಜೆಯೂ ದನಿ ಮಾಡದ ಹಾಗೆ ಉಸಿರು ಬಿಗಿಹಿಡಿದು ನಿಂತಳು.

ರಾಚಪ್ಪ ಅಳುತ್ತಿದ್ದ. "ಕುಣಿಯೂದ ಮರತು ಬಿಟ್ಲೇನ್ರಿ ಅಜ್ಜಾರ, ನನ್ನ ಕೂಸು?"

ಅಜ್ಜಾರು ಶಿಷ್ಯನ ತಲೆಯ ಮೇಲೆ ಕೈಯಿಟ್ಟರು.

"ಮರತಿಲ್ಲೋ ರಾಚಪ್ಪಾ. ಪ್ರತಿ ಸೋಮವಾರ ಇದ ಅಂಗಳದಾಗ ಕುಣೀತಾಳ. ನೀ ಬಂದಿದ್ದು ಇವತ್ತೊಂದ ದಿನ."